ಕಾಯಿ ಕಟ್ಟದ ಮರದರಿಶಿಣ

ಹೋದ ತಿಂಗಳು ನಮ್ಮ ನರ್ಸರಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ತೆಂಗಿನಗುಂಡಿಯ ಮನೆಗೆ ಬಂದರು. ಚಾ ಕುಡಿದರು. ಬೇಡ ಬೇಡ ಎನ್ನುತ್ತಲೇ ಹುರಿದ ಬಂಗಡೆ ತಿಂದರು. ಹೊರಡುವಾಗ ಒಬ್ಬಳು ಕೇಳಿದಳು, "ನಾಗವೇಣಕ್ಕ, ಈ ಕೆಲ್ಸ ಹೆಂಗಿರ್ತದೆ? ಇಷ್ಟು ವರ್ಷ ಮಾಡಿದ್ದಕ್ಕೆ ನಿಮ್ಗೆ ಸಮಾಧಾನ ಅದೆಯಾ?"

"ಮಳೆ ಬರೂ ಹಾಗೆ ಅದೆ, ಬೇಗ ಹೋಗಿ, ಟೆಂಪೊ ತಪ್ತದೆ" ಎಂದು ಅವರನ್ನು ಸಾಗಹಾಕಿದೆ. ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತ ಗಾದೆ ಇದೆ. ಬರೆದರೆ ಒದೆಯುವುದಕ್ಕೆ ಅಷ್ಟು ದೂರದಿಂದ ಯಾರೂ ಬರಲಿಕ್ಕಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ದಿನಗೂಲಿಯಿಂದ ಶುರು ಮಾಡಿದ ನಾನು ಮುಂದೆ ಏನೇನಾದೆ, ಬೀಳ್ಕೊಡುಗೆಯ ದಿನ ಯಾರು ಶಾಲು ಹೊದೆಸಿದರು ಎಂಬುದೆಲ್ಲ ಯಾರಿಗೂ ಬೇಡ. ಶಾಲು ಪೆಟ್ಟಿಗೆಯಲ್ಲಿದೆ. ನಾನು ಬರೆಯುವುದು ಮರದರಿಶಿಣದ ಕತೆ. ನನ್ನ ಕೆಲಸವೆಂದರೆ ಕೊನೆಗೆ ಅದೊಂದೇ ಆಗಿತ್ತು.

ನಮ್ಮದು ದೋಣಿ, ಬಲೆಯ ಮನೆ. ಅಪ್ಪ ಕಡಲಿಗೆ ಹೋಗುತ್ತಿದ್ದ, ಅಮ್ಮ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಮದುವೆಯಾದವನೂ ಬೋಟಿಗೆ ಹೋಗುವವನೇ. ಹಿತ್ತಲಿನಲ್ಲಿ ಮಾತ್ರ ಮಲ್ಲಿಗೆ. ಭಟ್ಕಳದ ಕಡೆ ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಓಡಾಡುವುದಿದ್ದರೆ ಅದು ಮಲ್ಲಿಗೆಯಿಂದಲೇ. ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಿಸಿಲು ಏರುವುದರೊಳಗೆ ಪೇಟೆಗೆ ಮುಟ್ಟಿಸಬೇಕು. ಮಲ್ಲಿಗೆಯನ್ನು ಬೀಜ ಹಾಕಿ ಬೆಳೆಸಿದವರನ್ನು ನಾನು ಕಂಡಿಲ್ಲ. ಚಲೋ ಹೂ ಬಿಡುವ ಗಿಡ ಯಾರ ಮನೆಯಲ್ಲಿದೆ ನೋಡುವುದು, ಒಂದು ಗೆಲ್ಲು, ಅಂದರೆ ಟೊಂಗೆ, ಕೇಳಿ ತರುವುದು, ನೆಡುವುದು. ನಾನು ನೆಟ್ಟ ಗೆಲ್ಲು ತಪ್ಪದೆ ಚಿಗುರುತ್ತಿತ್ತು. "ನಾಗವೇಣಿದು ಮಲ್ಲಿಗೆ ಕೈ" ಎಂದು ಕೇರಿಯವರು ಹೇಳುತ್ತಿದ್ದರು. ನನಗೆ ಅದರ ಜಂಬವೂ ಇತ್ತು.

ಕಾಯ್ಕಿಣಿಯಿಂದ ಒಳಗೆ, ಘಟ್ಟ ಏರುವ ಮುಂಚೆ, ಒಂದು ಟ್ರಸ್ಟಿನವರು ಔಷಧಿ ಗಿಡಗಳ ನರ್ಸರಿ ಮಾಡುತ್ತಾರೆ ಎಂದು ಕೇಳಿ ಕೆಲಸಕ್ಕೆ ಹೋದೆ. ಅಲ್ಲಿ ಎಲ್ಲ ನೋಡಿಕೊಳ್ಳುತ್ತಿದ್ದವರು ಭಟ್ಟರು. ತೆಳ್ಳಗಿನ ಮನುಷ್ಯ, ಮಂಡಿಯವರೆಗೆ ಎತ್ತಿ ಕಟ್ಟಿದ ಪಂಚೆ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು. ನಮ್ಮ ಜೊತೆ ಎಲ್ಲರಾಡುವ ಕನ್ನಡ ಆಡುತ್ತಿದ್ದರು. ಸಿಟ್ಟು ಬಂದಾಗ, ದುಃಖವಾದಾಗ ಮಾತ್ರ ಅವರ ಮನೆಯ ಮಾತು ಬಾಯಿಗೆ ಬರುತ್ತಿತ್ತು. ಮೊದಲ ದಿನ ನನ್ನ ಕೈ ನೋಡಿ, "ಉಪ್ಪು ನೀರಿನ ಕೈ. ಗಿಡ ಬದುಕ್ತದೋ ಇಲ್ಲವೋ" ಎಂದರು.

"ಗಿಡ ಎಂತ ಕೈ ಮೂಸಿ ನೋಡ್ತದೆಯಾ ಭಟ್ರೆ?" ಎಂದೆ.

ಅವರು ನಕ್ಕು ಒಂದು ಸಸಿಮಡಿ ನನ್ನ ಸುಪರ್ದಿಗೆ ಕೊಟ್ಟರು. ಮೂಸುವ ಮಾತು ಅಲ್ಲಿಗೇ ಮುಗಿಯಲಿಲ್ಲ. ಮನೆಯಲ್ಲಿ ಮಲ್ಲಿಗೆಗೆ ನಾವು ಮೀನು ತೊಳೆದ ನೀರು ಹಾಕುವುದು ರೂಢಿ. ಸೊರಗಿದ ಸರ್ಪಗಂಧದ ಮಡಿಗೆ ಅದನ್ನೇ ಹಾಕೋಣವೆಂದು ಒಂದು ದಿನ ಕ್ಯಾನಿನಲ್ಲಿ ತುಂಬಿಕೊಂಡು ಟೆಂಪೊ ಹತ್ತಿದೆ. ಮುಚ್ಚಳ ಸಡಿಲವಿತ್ತು. ಟೆಂಪೊದಲ್ಲಿ ಮದುವೆಗೆ ಹೊರಟ ಒಂದು ಕುಟುಂಬವಿತ್ತು. ಅವರು ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕಂಡಕ್ಟರು ಕ್ಯಾನು ಸಮೇತ ನನ್ನನ್ನು ಇಳಿಸಿಬಿಟ್ಟ. ಉಳಿದ ದಾರಿ ನಡೆದೇ ಹೋದೆ. ಭಟ್ಟರು ಪಂಚೆಯ ಚುಂಗು ಮೂಗಿಗೆ ಹಿಡಿದು ದೂರ ನಿಂತರು, ಬೇಡವೆನ್ನಲಿಲ್ಲ. ಸರ್ಪಗಂಧ ಎದ್ದು ಕೂತಿತು. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಅವರೇ ಬಂದು, ಮುಖ ಆಚೆ ಮಾಡಿ, "ಆ ನೀರು ಇವತ್ತು ತಂದಿದ್ದೀಯೋ?" ಎಂದು ಕೇಳುತ್ತಿದ್ದರು.

ಇಂಥ ನಗುವ ದಿನಗಳೂ ಇದ್ದವು. ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಮರದರಿಶಿಣ ಎಂದರೆ ಅರಿಶಿಣವೂ ಅಲ್ಲ, ಮರವೂ ಅಲ್ಲ. ದಟ್ಟ ಕಾಡಿನಲ್ಲಿ ದೊಡ್ಡ ಮರ ಹಿಡಿದು ಮೇಲೇರುವ ಗಟ್ಟಿ ಬಳ್ಳಿ. ಅಗಲ ಎಲೆ, ಎಲೆಯ ಅಡಿ ಬಿಳಿಚು. ಕಾಂಡ ಕಡಿದರೆ ಒಳಗೆಲ್ಲ ಹಳದಿ, ಅದಕ್ಕೇ ಆ ಹೆಸರು. ಕಾಮಾಲೆಗೆ, ಗಾಯಕ್ಕೆ, ಕಣ್ಣುಬೇನೆಗೆ ಎಂದು ನಾಟಿ ವೈದ್ಯರು ಹಿಂದಿನಿಂದಲೂ ಬಳಸಿದ್ದು. ಬಳಸುವುದು ಎಲೆಯನ್ನಾಗಿದ್ದರೆ ಬಳ್ಳಿ ಉಳಿಯುತ್ತಿತ್ತು. ಬೇಕಾದದ್ದು ಕಾಂಡ. ಮದ್ದು ಬೇಕೆಂದರೆ ಬಳ್ಳಿ ಸಾಯಬೇಕು. ಕಡಿದವರು ನಾಟಿ ವೈದ್ಯರಿಗಿಂತ ಹೆಚ್ಚು ಹೊರಗಿನ ವ್ಯಾಪಾರದವರು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ನಮ್ಮ ಸುತ್ತಿನ ಕಾಡಿನಲ್ಲಿ ಗೊತ್ತಿದ್ದ ದೊಡ್ಡ ಬಳ್ಳಿಗಳು ಎರಡೇ. ಒಂದು ಹಳ್ಳದ ಬದಿಗೆ, ನರ್ಸರಿಯಿಂದ ಹತ್ತಿರ, ತೊಡೆ ದಪ್ಪದ ಕಾಂಡ. ಇನ್ನೊಂದು ಮೇಲೆ ದರೆಯ, ಅಂದರೆ ಕಡಿದಾದ ಗುಡ್ಡದ, ನೆತ್ತಿಯಲ್ಲಿ. ಅದಕ್ಕೆ ಹೋಗಬೇಕೆಂದರೆ ಜೀವ ಬಾಯಿಗೆ ಬರುತ್ತಿತ್ತು.

ಮೇಲಿನ ಬಳ್ಳಿ ಕಾಯಿ ಬಿಡುತ್ತಿತ್ತು. ಕಾಡಿನಂಚಿನಲ್ಲಿ ಮನೆ ಮಾಡಿಕೊಂಡಿದ್ದ ಮಾದೇವ ಆ ಕಾಯಿಗಳನ್ನು ತಂದು ಕೊಡುತ್ತಿದ್ದ. ಜೇನು, ಬೇರು, ಸೀಗೆ, ಉಪ್ಪಾಗೆ ಎಲ್ಲ ಕಾಡಿನಿಂದ ತರುವವನು. ಗೋಲಿಯಷ್ಟು ದಪ್ಪದ, ಕಂದು ರೋಮದ ಕಾಯಿ. ಅದರ ಬೀಜವನ್ನು ಮರಳಿಗೆ ಹಾಕಿ ಕಾಯಬೇಕು. ಎಷ್ಟು ಕಾಯಬೇಕು ಎಂದು ಭಟ್ಟರನ್ನು ಕೇಳಿದರೆ, "ಅದಕ್ಕೆ ಮನಸ್ಸು ಬರುವವರೆಗೆ" ಎನ್ನುತ್ತಿದ್ದರು. ಒಂದು ಮಳೆಗಾಲಕ್ಕೆ ಹಾಕಿದ್ದು ಮುಂದಿನ ಮಳೆಗಾಲಕ್ಕೂ ಏಳದೆ ಇದ್ದದ್ದುಂಟು. ನಾನು ಮೊದಲ ಸಲ ಮಲ್ಲಿಗೆಗೆ ಹಾಕಿದ ಹಾಗೆ ನೀರು ಸುರಿದು ಇಡೀ ಮಡಿ ಕೊಳೆಸಿದೆ. ಎರಡನೆಯ ಸಲ ಇಲಿ ತಿಂದಿತು. ಮೂರನೆಯ ಸಲ ಬೆರಳೆಣಿಕೆಯ ಸಸಿಗಳು ಎದ್ದವು. ತೆಳ್ಳಗಿನ ಕಡ್ಡಿ, ತುದಿಯಲ್ಲಿ ಎರಡು ಎಲೆ, ವರ್ಷ ಕಳೆದರೂ ಅಷ್ಟೇ. ಅವುಗಳನ್ನು ನೋಡುತ್ತ ಕೂರುವುದು ಬೇಸರದ ಕೆಲಸ. ನೀವು ಈ ಉದ್ಯೋಗಕ್ಕೆ ಬರುವುದಾದರೆ ಬೇಸರ ತಡೆಯುವುದನ್ನು ಮೊದಲು ಕಲಿಯಿರಿ. ನಾವು ಕಲಿಯಲಿಲ್ಲ.

ಒಂದು ದಿನ ನಾನೇ ಅಂದೆ, "ಭಟ್ರೆ, ಇದನ್ನು ಮಲ್ಲಿಗೆ ಹಂಗೆ ಗೆಲ್ಲು ಹಾಕಿ ಎಬ್ಬಿಸಿದ್ರೆ ಎಂತ?"

ಭಟ್ಟರು ಪೆನ್ಸಿಲ್ಲು ಕೆನ್ನೆಗೆ ತಿಕ್ಕಿಕೊಂಡರು. ಅವರ ಮನೆಯಲ್ಲಿ ಕಾಳುಮೆಣಸು. ಅದನ್ನೂ ಹಾಗೇ ಮಾಡುವುದು, ಹುಲುಸಾದ ಬಳ್ಳಿಯಿಂದ ಕುಡಿ ತಂದು. ಅವರಿಗೆ ಮೆಣಸು, ನನಗೆ ಮಲ್ಲಿಗೆ; ಇಬ್ಬರಿಗೂ ಮಾತು ಸರಿ ಕಂಡಿತು. ಎಲ್ಲಿಂದ ತರುವುದು ಎಂಬುದರಲ್ಲೂ ತಕರಾರು ಬರಲಿಲ್ಲ. ದಪ್ಪಗೆ, ಹಸಿರಾಗಿ, ಕಣ್ಣಿಗೆ ತುಂಬುವ ಹಾಗೆ ಇದ್ದದ್ದು ಹಳ್ಳದ ಬದಿಯ ಬಳ್ಳಿ. ಚಲೋ ಗಿಡದಿಂದ ಗೆಲ್ಲು ತರಬೇಕು ಎಂದು ನಮ್ಮಿಬ್ಬರಿಗೂ ಅಮ್ಮಂದಿರೇ ಕಲಿಸಿದ್ದರು. ದರೆ ಹತ್ತುವ ಕಷ್ಟವೂ ತಪ್ಪಿತು.

ಸುಲಭಕ್ಕೆ ಬೇರು ಬಿಡುವ ಜಾತಿಯಲ್ಲ ಅದು. ಸುಮಾರು ಗೆಲ್ಲುಗಳು ಸತ್ತವು. ಕಡೆಗೆ ಹೊಳೆಮರಳು, ಕಾಡಿನ ಎಲೆಗೊಬ್ಬರ ಬೆರೆಸಿ, ಗೆಲ್ಲಿನ ಬುಡಕ್ಕೆ ಹೂ ಸುತ್ತುವ ಹಾಗೆ ಒದ್ದೆ ಬಾಳೆಪಟ್ಟೆ ಸುತ್ತಿ ನೆಟ್ಟೆ. ಹಿಡಿಯಿತು. ಒಂದು ಹಿಡಿದ ಮೇಲೆ ಹತ್ತು. ಭಟ್ಟರು ನರ್ಸರಿಯವರಿಗೆಲ್ಲ ಪಾಯಸ ಮಾಡಿಸಿಕೊಂಡು ಬಂದರು. ನನ್ನ ಕೈ ನೋಡಿ, "ಉಪ್ಪು ನೀರಿನ ಕೈ ಅಲ್ಲ ಮಾರಾಯ್ತಿ, ಅಮೃತದ ಕೈ" ಎಂದರು. 

ಗೆಲ್ಲಿನ ಗಿಡಗಳು ದಷ್ಟಪುಷ್ಟವಾಗಿ ಏಳುತ್ತಿದ್ದಂತೆ ಬೀಜದ ಸಸಿಗಳು ನಮ್ಮ ಕಣ್ಣಿಗೆ ಬಡವಾದವು. ಅವನ್ನು ಇಟ್ಟುಕೊಂಡು ಮಾಡುವುದೇನು ಎಂದು ಬಂದ ಬಂದವರಿಗೆ ಕೊಟ್ಟೆವು. ಒಂದು ಕುಮಟೆಯ ವೈದ್ಯರಿಗೆ ಹೋಯಿತು, ಒಂದು ಹೊನ್ನಾವರದ ಮಾಸ್ತರರಿಗೆ, ಒಂದೆರಡು ಕಾಯ್ಕಿಣಿಯ ಮನೆಗಳಿಗೆ. ಕೊಬ್ಬಿದ್ದನ್ನು ಇಟ್ಟುಕೊಂಡೆವು, ಸೊರಗಿದ್ದನ್ನು ದಾನ ಮಾಡಿದೆವು. ಮಾದೇವನಿಗೂ ಇನ್ನು ಕಾಯಿ ತರುವುದು ಬೇಡವೆಂದೆವು. ನರ್ಸರಿಯ ಹಿಂದಿನ ಇಳಿಜಾರಿನಲ್ಲಿ, ಮರ ಇದ್ದ ಕಡೆ, ಗೆಲ್ಲಿನ ಗಿಡಗಳನ್ನು ಸಾಲಾಗಿ ನೆಟ್ಟು ಮರಕ್ಕೆ ಹಬ್ಬಿಸಿದೆವು. ಅದಕ್ಕೆ ತೋಪು ಎಂದು ಹೆಸರಾಯಿತು.

ಆಮೇಲೆ ಸಾಹೇಬರು ಬಂದರು. ಟ್ರಸ್ಟಿನವರು ಕಳಿಸಿದ ನಿರ್ದೇಶಕರು, ಘಟ್ಟದ ಮೇಲಿನವರು, ಇನ್ನೂ ತರುಣ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕತೆ ಹೇಳುವುದು ನನಗೆ ಸುಲಭವಾಗುತ್ತಿತ್ತು. ಅವರು ಬಂದ ಮೇಲೆ ತೆಂಗಿನ ಗರಿಯ ಚಪ್ಪರ ಹೋಗಿ ಹಸಿರು ನೆಟ್ ಬಂತು, ಬಾಳೆಪಟ್ಟೆ ಹೋಗಿ ಬೇರು ಬರಿಸುವ ಪುಡಿ ಬಂತು. ನೀರನ್ನು ಮಂಜಿನ ಹಾಗೆ ಚಿಮುಕಿಸುವ ಗಾಜಿನ ಮನೆಯೊಂದನ್ನೂ ಕಟ್ಟಿಸಿದರು. ನಮ್ಮ ಕಡೆ ಕರೆಂಟು ಹೇಗೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೊದಲ ಗಾಳಿಮಳೆಗೆ ಕರೆಂಟು ಹೋಗಿ, ಬಿಸಿಲು ಬಿದ್ದ ದಿನ ಒಳಗಿದ್ದದ್ದೆಲ್ಲ ಬೆಂದು ಹೋಯಿತು. ಸಾಹೇಬರು ಬಾಗಿಲಲ್ಲಿ ನಿಂತು ಮಕ್ಕಳ ಹಾಗೆ ಕಣ್ಣೊರೆಸಿಕೊಂಡರು. ಪಾಪ ಅನ್ನಿಸಿತು.

ಗೆಲ್ಲಿನ ಗಿಡ ಹಂಚುವ ಕಾರ್ಯಕ್ರಮವೂ ಅವರದ್ದೇ. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಸುಳ್ಳು ಮಾಡೋಣ, ಪ್ರತಿ ಹಿತ್ತಲಿಗೂ ಒಂದು ಮರದರಿಶಿಣ ಎಂದು ಭಾಷಣ ಮಾಡಿದರು. ಮುರ್ಡೇಶ್ವರದ ಒಬ್ಬ ಹೋಟೆಲ್ ಮಾಲೀಕರು ಬಲು ಉತ್ಸಾಹದಿಂದ ಗಿಡ ಒಯ್ದರು. ಕೆಲವು ತಿಂಗಳ ಮೇಲೆ ಸಿಟ್ಟಿನಿಂದ ಬಂದರು. "ಎಂತ ಗಿಡ ಕೊಟ್ರಿ ಅಕ್ಕೋರೆ? ಬುಡ ಕೆದಕಿ ಕೆದಕಿ ನೋಡ್ದೆ, ಅರಿಶಿಣದ ಗಡ್ಡೆ ಹೋಗ್ಲಿ, ಶುಂಠಿಯಷ್ಟೂ ಇಲ್ಲ!" ಎಂದರು. ಗಡ್ಡೆ ಬಂತೋ ಎಂದು ಪ್ರತಿ ತಿಂಗಳೂ ಕಿತ್ತು ನೋಡಿ ಮತ್ತೆ ನೆಡುತ್ತಿದ್ದರಂತೆ. ಅಷ್ಟು ತಿಂಗಳು ಅದು ಬದುಕಿದ್ದೇ ಆಶ್ಚರ್ಯ. ನಗಬೇಕೋ ಅಳಬೇಕೋ ತಿಳಿಯದೆ ಅವರಿಗೆ ಒಂದು ಶುಂಠಿ ಗಿಡ ಕೊಟ್ಟು ಕಳಿಸಿದೆ. ಹಂಚಿದ ಗಿಡಗಳಲ್ಲಿ ಉಳಿದವು ಕಡಿಮೆ.

ಸಾಹೇಬರು ಮಾಡಿದ ಇನ್ನೊಂದು ಕೆಲಸ ಶಿಬಿರ. ಕಾಡಿನಂಚಿನ ಊರುಗಳವರನ್ನು ಕರೆದು, ಊಟ ಹಾಕಿ, ಮರದರಿಶಿಣ ಎಷ್ಟು ಅಪರೂಪದ್ದು, ಪೇಟೆಯಲ್ಲಿ ಅದಕ್ಕೆ ಎಷ್ಟು ಬೇಡಿಕೆ, ಅದಕ್ಕೇ ಅದನ್ನು ಕಾಪಾಡಬೇಕು ಎಂದು ತಿಳಿಸಿ ಹೇಳಿದರು. ಗುರುತು ಹಿಡಿಯುವುದು ಹೇಗೆಂದು ತೋರಿಸಲು ನನ್ನನ್ನೇ ಮುಂದೆ ನಿಲ್ಲಿಸಿದರು. ನಾನು ಎಲೆಯ ಅಡಿ ಮಗುಚಿ ತೋರಿಸಿದೆ, ಒಂದು ತುಂಡು ಕಾಂಡ ಕೊರೆದು ಹಳದಿ ತೋರಿಸಿದೆ. ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದರು. ಮಾದೇವನೂ ಇದ್ದ. ಫೋಟೊ ಹೊಡೆದರು. ಅದು ನಾನು ಕಂಡ ಅತ್ಯಂತ ಚೆಂದದ ಶಿಬಿರ.

ವರ್ಷಗಳು ಹೋದವು. ಸಾಹೇಬರಿಗೆ ಬೇರೆ ಕಡೆ ಕೆಲಸವಾಯಿತು. ಭಟ್ಟರು ನಿವೃತ್ತರಾಗಿ ಮನೆ ಹಿಡಿದರು. ನನ್ನ ಕೂದಲು ಅರ್ಧ ಬೆಳ್ಳಗಾಯಿತು. ತೋಪಿನ ಬಳ್ಳಿಗಳು ಮರದ ನೆತ್ತಿ ಮುಟ್ಟಿದವು. ಹಳ್ಳದ ಬದಿಯ ತಾಯಿಬಳ್ಳಿ ಒಂದು ದೊಡ್ಡ ಮಳೆಗೆ ದಂಡೆ ಕುಸಿದು, ಮರದ ಜೊತೆಗೇ ಹೋಯಿತು. ನನಗೆ ಅಷ್ಟು ಸಂಕಟವಾಗಲಿಲ್ಲ, ಅದರ ಸಂತಾನ ನಮ್ಮ ತೋಪಿನಲ್ಲಿತ್ತಲ್ಲ. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ, "ಕಾಯಿ ಯಾವಾಗ?" ಕಾಯಿ ಬಿಟ್ಟರೆ ಬೀಜ, ಬೀಜ ಬಿದ್ದರೆ ಪುನುಗುಬೆಕ್ಕು, ಮಂಗ ಒಯ್ದು ಕಾಡಿಗೆ ಮುಟ್ಟಿಸುತ್ತವೆ, ಆಮೇಲೆ ನಮ್ಮ ಕೈಯ ಹಂಗಿಲ್ಲ. ಆ ಕಾಯಿ ನೋಡಿಯೇ ಮನೆಗೆ ಹೋಗಬೇಕು ಎಂದು ನನಗೆ ಒಂದೇ ಆಸೆಯಿತ್ತು.

ಕಡೆಗೂ ಒಂದು ವರ್ಷ ಮಳೆ ಹಿಂದೆ ಸರಿದ ಮೇಲೆ ತೋಪು ಹೂ ಬಿಟ್ಟಿತು. ಕಾಂಡದ ಗಿಣ್ಣು ಗಿಣ್ಣಿನಲ್ಲಿ ಸಣ್ಣ ಸಣ್ಣ ಉಂಡೆಗಳು, ಒಂದು ಬಳ್ಳಿಯಲ್ಲಲ್ಲ, ಎಲ್ಲದರಲ್ಲಿಯೂ. ಜೇನಿನ ಸದ್ದು ಗೇಟಿನವರೆಗೆ ಕೇಳುತ್ತಿತ್ತು. ನಾನು ಇಳಿಜಾರಿನಲ್ಲಿ ಕೂತು ಒಬ್ಬಳೇ ಅತ್ತೆ, ಸಂತೋಷಕ್ಕೆ. ಆಮೇಲೆ ಕಾದೆ. ಉಂಡೆಗಳು ಒಣಗಿದವು, ಉದುರಿದವು. ಒಂದು ಕಾಯಿಯೂ ನಿಲ್ಲಲಿಲ್ಲ. ಮೊದಲ ಹೂವು, ಹಾಗೇ ಆಗುತ್ತದೆ ಎಂದುಕೊಂಡೆ. ಮಾವಿನ ಗಿಡವೂ ಮೊದಲ ವರ್ಷ ಉದುರಿಸುತ್ತದೆ. ಮರುವರ್ಷವೂ ಅದೇ ಹೂವು, ಅದೇ ಜೇನು, ಅದೇ ಉದುರುವುದು. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ ಎಂದು ಹೆದರಿಕೆ ಹುಟ್ಟಿತು. ಅದರ ಮುಂದಿನ ವರ್ಷ ಹೂ ಕಂಡ ಕೂಡಲೇ ರಿಕ್ಷಾ ಮಾಡಿಕೊಂಡು ಹೋಗಿ ಭಟ್ಟರನ್ನು ಕರೆತಂದೆ.

ಭಟ್ಟರಿಗೆ ಆಗ ನಡೆಯುವುದೇ ಕಷ್ಟ. ಕೋಲೂರಿಕೊಂಡು ಬಂದು, ಇಳಿಜಾರಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. "ಹೂವೊಂದು ಕೊಡು" ಎಂದರು. ಕೊಟ್ಟೆ. ಒಂದು ನಿಂಬೆಮುಳ್ಳು ತರಿಸಿ, ಅಂಗೈ ಮೇಲೆ ಇಟ್ಟುಕೊಂಡು ಬಿಡಿಸಿದರು. ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದರು. "ಇನ್ನೊಂದು ಬಳ್ಳಿದು ಕೊಡು" ಎಂದರು. ಅದನ್ನೂ ಬಿಡಿಸಿದರು. ಮತ್ತೊಂದು. ಆ ತುದಿಯ ಸಾಲಿನದ್ದು ಇನ್ನೊಂದು. ಅವರ ಅಂಗೈಯೆಲ್ಲ ಹಳದಿ ಹುಡಿಯಾಯಿತು. 

"ಎಂತ ಆತು ಭಟ್ರೆ?" ಎಂದೆ.

"ಎಲ್ಲ ಗಂಡೇಯ ನಾಗವೇಣಿ. ಒಂದೂ ಹೆಣ್ಣು ಇಲ್ಲೆ."

ನನಗೆ ಅರ್ಥವಾಗಲಿಲ್ಲ. ಅವರು ಮುಳ್ಳಿನ ತುದಿಯಿಂದ ತೋರಿಸಿದರು. ಈ ಹೂವಿನಲ್ಲಿ ಇರುವುದು ಬರೀ ಪರಾಗದ ಹುಡಿಯ ಎಳೆಗಳು. ಹೆಣ್ಣು ಹೂವಾಗಿದ್ದರೆ ನಡುವೆ ರೋಮದ ಸಣ್ಣ ಹಸಿರು ಬೊಟ್ಟುಗಳು ಇರುತ್ತವೆ, ಅವೇ ಕಾಯಿ ಆಗುವುದು. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹಳ್ಳದ ಬದಿಯದ್ದು ಗಂಡು. ನಾವು ಇಡೀ ತೋಪು ಮಾಡಿದ್ದು ಆ ಒಂದೇ ಬಳ್ಳಿಯ ಗೆಲ್ಲಿನಿಂದ. ಎಷ್ಟು ನೆಟ್ಟರೂ ಅದು ಅದೇ.

"ಜಾಯಿಕಾಯಿಗೆ ಗಂಡೋ ಹೆಣ್ಣೋ ಹೇಳಿ ನೋಡ್ತ್ಯ. ಪಪ್ಪಾಯಿಗೆ ನೋಡ್ತ್ಯ. ಇದಕ್ಕೆ ನೋಡಿದ್ದೇ ಇಲ್ಲೆ" ಎಂದು ಭಟ್ಟರು ತಮಗೆ ತಾವೇ ಹೇಳಿಕೊಂಡರು. ಕೈ ಒರೆಸಿಕೊಳ್ಳಲಿಲ್ಲ. ಹಳದಿ ಅಂಗೈ ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದರು.

ಯಾರ ತಪ್ಪು ಎಂದು ಲೆಕ್ಕ ಹಾಕಿ ಏನೂ ಸುಖವಿಲ್ಲ. ಮಲ್ಲಿಗೆಗೆ ಯಾರೂ ಗಂಡು ಹೆಣ್ಣು ಕೇಳುವುದಿಲ್ಲ. ಬಂದ ದೊಡ್ಡವರು, ಓದಿದವರು, ನೋಡಿದವರು ಎಲ್ಲರೂ ತೋಪಿನ ಎದುರು ನಿಂತು ಭೇಷ್ ಎಂದು ಹೋದವರೇ. ಗಿಡ ಎದ್ದು ನಿಂತಿತ್ತು, ಎಲೆ ಹಸಿರಿತ್ತು, ಯಾರಿಗೂ ಅನುಮಾನ ಬರಲಿಲ್ಲ.

ಮೇಲಿನ ದರೆಯ ಬಳ್ಳಿ ಇದೆಯಲ್ಲ, ಅದು ಕಾಯಿ ಬಿಟ್ಟದ್ದು, ಅಂದರೆ ಹೆಣ್ಣು. ಅದರ ಗೆಲ್ಲು ತಂದರಾಯಿತು ಎಂದು ಮರುದಿನವೇ ಮಾದೇವನ ಮನೆಗೆ ಹೋದೆ. ಅವನೂ ಮುದುಕನಾಗಿದ್ದ. ನನ್ನ ಮಾತು ಕೇಳಿ ಅಂಗಳ ನೋಡುತ್ತ ನಿಂತ. "ಬನ್ನಿ, ನೋಡೂದಾದ್ರೆ ನೋಡಿ" ಎಂದ. ಇಬ್ಬರೂ ಏದುಸಿರು ಬಿಡುತ್ತ ಹತ್ತಿದೆವು. ಬಳ್ಳಿ ಹಬ್ಬಿದ್ದ ಮರ ಇತ್ತು. ಬುಡದಲ್ಲಿ ಮೊಣಕಾಲೆತ್ತರದ ಒಣ ಮೋಟು, ಒಳಗೆ ಗೆದ್ದಲು.

"ಯಾರು ಕಡ್ದದ್ದು?"

"ನಾನೇ." ಮೋಟಿನ ಮೇಲಿನ ತರಗೆಲೆ ಕಾಲಿನಿಂದ ಸರಿಸುತ್ತ ಹೇಳಿದ, "ನಿಮ್ ಶಿಬಿರ ಆದ್ ಮುಂದಿನ ಬೇಸಿಗೆಗೆ. ಅಲ್ಲೀವರೆಗೆ ಇದಕ್ಕೆ ಅಷ್ಟು ಬೆಲೆ ಅದೆ ಅಂತ ಈ ಊರಲ್ಲಿ ಯಾರಿಗೆ ಗೊತ್ತಿತ್ತು ಅಕ್ಕ? ಆಮೇಲೆ ಎಲ್ರೂ ಕತ್ತಿ ಹಿಡ್ಕಂಡು ಹುಡುಕೂಕೆ ಹೊರಟ್ರು. ನಾನು ಕಡೀದಿದ್ರೆ ಇನ್ನೊಬ್ಬ ಕಡೀತಿದ್ದ. ಎಲೆ ಮಗುಚಿ ತೋರ್ಸಿದ್ದು ನೀವೇ ಅಲ್ದಾ?"

  ಇಳಿಯುವಾಗ ಅವನೇ ಕೈ ಹಿಡಿದು ಇಳಿಸಿದ.

ಭಟ್ಟರಿಗೆ ಹೋಗಿ ಹೇಳಿದೆ. ಅವರು ಹಾಸಿಗೆಯಲ್ಲಿದ್ದರು. ಗೋಡೆ ಕಡೆ ತಿರುಗಿ ಮಲಗಿದವರು, ನಾನು ಏಳುವಾಗ ತಿರುಗಿ, "ಬೀಜದ ಸಸಿ ದಾನ ಮಾಡಿದ್ದು ನೆನಪಿದ್ದ? ಅದರಲ್ಲಿ ಹೆಣ್ಣು ಇಕ್ಕು. ಒಂದಾದ್ರೂ ಇಕ್ಕು. ಹುಡುಕು" ಎಂದರು. ಇಕ್ಕು ಎಂದರೆ ಅವರ ಮಾತಿನಲ್ಲಿ ಇದ್ದೀತು ಎಂದು. ಆ ವರ್ಷವೇ ಅವರು ತೀರಿಕೊಂಡರು.

ಹುಡುಕಿದೆ. ಕೆಲಸದಲ್ಲಿದ್ದಾಗ ರಜೆ ಹಾಕಿ, ನಿವೃತ್ತಳಾದ ಮೇಲೆ ಎಲ್ಲ ದಿನ ರಜೆಯೇ ಆದ್ದರಿಂದ ಹಾಗೇ. ಕಾಯ್ಕಿಣಿಯ ಮನೆಗಳಲ್ಲಿ ಆ ಗಿಡದ ನೆನಪು ಇದ್ದವರೂ ಇರಲಿಲ್ಲ. ಕುಮಟೆಯ ವೈದ್ಯರು ಹೋಗಿ ವರ್ಷಗಳಾಗಿದ್ದವು. ಅವರ ಸೊಸೆ ಹಿತ್ತಲು ತೋರಿಸಿದಳು, ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿ ಕಾರು ನಿಲ್ಲಿಸಿದ್ದರು. ಉಳಿದದ್ದು ಹೊನ್ನಾವರದ ಶೇಟ್ ಮಾಸ್ತರರು. ಅವರು ಮನೆ ಬದಲಿಸಿದ್ದರಿಂದ ಗೊತ್ತಾಗಲು ಬಹಳ ದಿನ ಹಿಡಿಯಿತು. ಹೋದ ವರ್ಷ, ಮಳೆಗಾಲ ಮುಗಿದ ಹೊತ್ತಿಗೆ, ಹೊಸ ವಿಳಾಸ ಸಿಕ್ಕಿತು. ಹಳೆಯ ಮನೆಯ ಗಿಡವನ್ನು ಬೇರು ಸಮೇತ ತಂದು ಇಲ್ಲಿ ಹಲಸಿನ ಬುಡಕ್ಕೆ ನೆಟ್ಟಿದ್ದಾರೆ, ಅದು ಹಲಸು ಹತ್ತಿದೆ ಎಂದು ಅವರ ಪರಿಚಯದವರೊಬ್ಬರು ಹೇಳಿದರು. ನಾನು ಬಸ್ಸಿನಲ್ಲಿ ನಿಂತೇ ಹೋದೆ. ಶರಾವತಿ ಸೇತುವೆ ದಾಟುವಾಗ ದೇವರೇ ಹೆಣ್ಣಾಗಿರಲಿ ಎಂದು ಹರಕೆ ಹೊತ್ತೆ. ಮಡಿಲಲ್ಲಿ ಒದ್ದೆ ಬಾಳೆಪಟ್ಟೆ ಸುತ್ತಿದ ನಮ್ಮ ತೋಪಿನ ಹೂವುಗಳಿದ್ದವು, ಮಲ್ಲಿಗೆ ಒಯ್ಯುವ ಹಾಗೆಯೇ ಕಟ್ಟಿಕೊಂಡಿದ್ದೆ. ಅಲ್ಲಿ ಹೆಣ್ಣು ಹೂವಿದ್ದರೆ ಕೈಯಾರೆ ಹುಡಿ ಮುಟ್ಟಿಸಿ ಬರುವುದು ಎಂದು ಎಣಿಸಿದ್ದೆ.

"ಯೋ ಬಾಯಿ, ಬೈಸ", ಬಾ ಅಕ್ಕ, ಕೂತುಕೋ, ಎಂದು ಮಾಸ್ತರರು ಕೊಂಕಣಿಯಲ್ಲೇ ಒಳಗೆ ಕರೆದು ಕೂರಿಸಿದರು. ಅವರಿಗೂ ವಯಸ್ಸಾಗಿತ್ತು. ಬೆಲ್ಲ, ನೀರು ಕೊಟ್ಟರು. ಬಳ್ಳಿ ಎಲ್ಲಿ ಎಂದು ಕೇಳಿದೆ.

"ಅಯ್ಯೋ, ಅದು ಬೇಕಿತ್ತಾ ನಿಮ್ಗೆ? ಹೋದ್ ವಾರವೇ ತೆಗ್ಸಿಬಿಟ್ಟೆ. ಈ ಎರಡು ಮೂರು ವರ್ಷದಿಂದ ಹೂ ಬಿಡ್ತಿತ್ತು ಬಾಯಿ, ಕಾಯಿ ಮಾತ್ರ ಒಂದೂ ಇಲ್ಲ. ಗೊಡ್ಡು ಬಳ್ಳಿ. ಸುಮ್ನೆ ಹಲಸಿನ ಮರಕ್ಕೆ ಭಾರ ಎಂತಕ್ಕೆ ಅಂತ."

"ಬುಡ ಅದೆಯಾ ಮಾಸ್ತರೆ?"

"ಕಂಪೌಂಡಿಗೆ ಜೆಸಿಬಿ ಬಂದಿತ್ತಲ್ಲ, ಬುಡವೂ ಹೋತು."

ಹಿಂದೆ ಕರೆದುಕೊಂಡು ಹೋಗಿ ತೋರಿಸಿದರು. ಹಲಸಿನ ಬುಡದಲ್ಲಿ ಬಳ್ಳಿಯ ತುಂಡುಗಳನ್ನು ರಾಶಿ ಹಾಕಿದ್ದರು. ಎಲೆ ಮುದುಡಿತ್ತು, ಕಡಿದ ಕಡೆಯೆಲ್ಲ ಹಳದಿ. ರಾಶಿಯ ಎದುರು ಕುಕ್ಕರಗಾಲಲ್ಲಿ ಕೂತು ಒಂದು ಬಾಡಿದ ಹೂವಿನ ಉಂಡೆ ಕಿತ್ತೆ. ಮುಳ್ಳು ಇರಲಿಲ್ಲ, ಸೆರಗಿನ ಪಿನ್ನು ತೆಗೆದು ಬಿಡಿಸಿದೆ. ಹುಡಿ ಇರಲಿಲ್ಲ. ನಡುವೆ ರೋಮದ ಸಣ್ಣ ಹಸಿರು ಬೊಟ್ಟುಗಳಿದ್ದವು.

ಮಕ್ಕಳಾಗದ ನನಗೆ ಗೊಡ್ಡು ಎಂಬ ಮಾತು ಹೊಸದಲ್ಲ. ಆದರೂ ಆ ದಿನ ಆದಷ್ಟು ನೋವು ಎಂದೂ ಆಗಿರಲಿಲ್ಲ. ಅದು ಗೊಡ್ಡಾಗಿರಲಿಲ್ಲ. ಇಲ್ಲಿ ಅದು ಒಂಟಿಯಾಗಿ ಹೂ ಬಿಡುತ್ತಿತ್ತು, ಅಲ್ಲಿ ನಮ್ಮ ಇಡೀ ತೋಪು ಹೂ ಬಿಡುತ್ತಿತ್ತು, ನಡುವೆ ಒಂದು ಬಸ್ಸಿನ ದಾರಿ. ಮಾಸ್ತರರ ಎದುರಿಗೇ ಅತ್ತುಬಿಟ್ಟೆ. ಅವರು ಪಾಪ, ಗಾಬರಿಯಾಗಿ, ಮನೆಯಲ್ಲಿ ಯಾರಿಗೋ ಕಾಮಾಲೆಯಾಗಿದೆ ಎಂದುಕೊಂಡು, ಕಾಂಡದ ತುಂಡುಗಳನ್ನು ಚೀಲಕ್ಕೆ ತುಂಬಿ ಕೊಟ್ಟರು. "ಮದ್ದಿಗೆ ಆಗ್ತದೆ, ತಗೊಂಡು ಹೋಗಿ" ಎಂದರು.

ಚೀಲ ತಂದೆ. ಹಸಿರು ಉಳಿದ ತುದಿಗಳನ್ನು ಆರಿಸಿ, ಹೊಳೆಮರಳು ತರಿಸಿ, ಬಾಳೆಪಟ್ಟೆ ಸುತ್ತಿ, ಮಲ್ಲಿಗೆಯ ಪಕ್ಕದಲ್ಲೇ ನೆಟ್ಟೆ. ಮೀನಿನ ನೀರು ಹಾಕಲಿಲ್ಲ, ಬೇರಿಲ್ಲದ್ದಕ್ಕೆ ಅದು ಖಾರ. ಒಂದು ಗೆಲ್ಲು ಮಾತ್ರ ಕಣ್ಣು ಬಿಟ್ಟು ಎಳೆಯ ಎಲೆ ಹೊರಹಾಕಿತು. ನಾನು ಯಾರಿಗೂ ಹೇಳದೆ, ದೃಷ್ಟಿ ತಾಗೀತೆಂದು ಬುಟ್ಟಿ ಮುಚ್ಚಿ ಕಾದೆ. ಕೆಲವು ವಾರಕ್ಕೆ ಎಲೆ ಕರ್ರಗಾಯಿತು. ಕಿತ್ತು ನೋಡಿದರೆ ಒಂದು ಬೇರೂ ಬಂದಿರಲಿಲ್ಲ, ಕಾಂಡದಲ್ಲಿ ಉಳಿದಿದ್ದ ರಸದಲ್ಲೇ ಚಿಗುರಿತ್ತು. ಮಲ್ಲಿಗೆ ಕೈ ಅಂತೆ, ಮಲ್ಲಿಗೆ ಕೈ.

ಈ ಕೆಲಸಕ್ಕೆ ಬರುವ ನಿಮಗೆ ಹೇಳುವುದು ಇಷ್ಟೇ. ಗಿಡ ನೆಡುವ ಮುಂಚೆ ಹೂವು ಬಿಡಿಸಿ ನೋಡಿ. ಬೀಜದ ಸಸಿ ಎಷ್ಟೇ ಸೊರಗಿದ್ದರೂ ಯಾರಿಗೂ ಕೊಡಬೇಡಿ. ಕೊಟ್ಟರೆ, ವರ್ಷಕ್ಕೊಮ್ಮೆ ಹೋಗಿ ನೋಡಿ ಬನ್ನಿ. ಕಾಡಿನಲ್ಲಿ ಇನ್ನೆಲ್ಲಾದರೂ ಬಳ್ಳಿ ಕಂಡರೆ ಶಿಬಿರದಲ್ಲಿ ಹೇಳಬೇಡಿ. ಇದನ್ನೆಲ್ಲ ಪಾಲಿಸಿದರೆ ಒಳ್ಳೆಯದಾಗುತ್ತದೆ ಎಂದು ಮಾತ್ರ ನನ್ನ ಬಾಯಲ್ಲಿ ಬರುವುದಿಲ್ಲ.

ಮೊನ್ನೆ ಆ ಹುಡುಗಿ ಫೋನು ಮಾಡಿದ್ದಳು, ಅವತ್ತು ಸಮಾಧಾನ ಅದೆಯಾ ಎಂದು ಕೇಳಿದವಳು. ದನಿಯಲ್ಲಿ ಸಡಗರವಿತ್ತು. "ಅಕ್ಕ, ತೋಪು ತುಂಬ ಹೂವು! ಜೇನು ನೋಡಿ ಎಷ್ಟು! ಈ ಸಲ ಕಾಯಿ ಹಿಡೀತದೆ ಅಲ್ದಾ?"

ಅವಳಿಗೆ ಯಾರೂ ಹೇಳಿರಲಿಲ್ಲ. "ಇಲ್ಲ ತಂಗಿ, ಹಿಡಿಯೂದಿಲ್ಲ" ಎಂದು ಎಲ್ಲವನ್ನೂ ಹೇಳಿದೆ.  ಆಮೇಲೆ ಅವಳು ಕೇಳಿದಳು, "ಹಂಗಾದ್ರೆ ಬೇಸಿಗೆಗೆ ನೀರು ಹಾಕೂದಾ, ಬೇಡ್ವಾ?"

ಹಾಕು ಎಂದೆ. ಎಂತಕ್ಕೆ ಎಂದು ಕೇಳಿಬಿಡುತ್ತಾಳೋ ಎಂದು ಬೇಗ ಫೋನು ಇಟ್ಟೆ.